ಬಾವಿ ಮುಚ್ಚುವ ಮುಂಚೆ: ಓದುಗರ ನೀರಿನ ಪ್ರಶ್ನೆಗಳು

ಪ್ರಶ್ನೆ: ಸರ್, ನಾನು ಔರಾದ್ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮೂರ ಟಾಕಿಗೆ ಎರಡು ಬೋರಿನ ನೀರು. ಮಾರ್ಚ್ ಬಂದರೆ ಎರಡೂ ಕೈಕೊಡುತ್ತವೆ. ಮಳೆಗಾಲದಲ್ಲಿ ಒಂದು ರಾತ್ರಿ ಜೋರು ಮಳೆ ಹೊಡೆದರೆ ನಳದಲ್ಲಿ ರಾಡಿ ನೀರು, ಮಕ್ಕಳಿಗೆ ವಾಂತಿ-ಭೇದಿ. ಈಗ 600 ಅಡಿ ಬೋರ್ ಹೊಡೆಸಿ, ಊರ ನಡುವಿನ ಹಾಳು ಬಾವಿ ಮುಚ್ಚಿ ಕಟ್ಟೆ ಕಟ್ಟೋಣ ಅನ್ನುತ್ತಿದ್ದಾರೆ. ನಾನು ಏನು ಹೇಳಲಿ?

ಉತ್ತರ: ಅಕ್ಕಾ, ಮೊದಲು ಬಾವಿ ಉಳಿಸಿಕೊಳ್ಳಿ. ಉಳಿದದ್ದು ಆಮೇಲೆ.

29 ವರ್ಷ ಹಳ್ಳಿಗಳಿಗೆ ನೀರು ಮುಟ್ಟಿಸುವ ಕೆಲಸದಲ್ಲೇ ಇದ್ದವನು ನಾನು. ಬೀದರ್ ಜಿಲ್ಲೆಯ ಒಂದು ಊರಲ್ಲಿ ನಳ ಬಂತೆಂದು ಹಳೇ ಬಾವಿಗೆ ಬಿದ್ದ ಮನೆಗಳ ಮಣ್ಣು ಸುರಿದರು. ಆ ಕೆಲಸದ ಅಳತೆಗೆ ಸಹಿ ಹಾಕಿದವನು ನಾನು. 2016ರ ಏಪ್ರಿಲ್‌ನಲ್ಲಿ, ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ಬರುತ್ತಿದ್ದ ದಿನಗಳಲ್ಲಿ, ಅದೇ ಊರಿಗೆ ಟ್ಯಾಂಕರ್ ಜೊತೆ ಹೋದೆ. ಮುಚ್ಚಿದ ಬಾವಿಯ ಕಟ್ಟೆ ಮೇಲೆ ಒಬ್ಬ ಅಜ್ಜಿ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದರು. ‘ಎಪ್ಪತ್ತೆರಡರ ಬರದಾಗೂ ಇದರಾಗ ನೀರಿತ್ತಪಾ’ ಅಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ನಿಮ್ಮೂರ ಎರೆ ಮಣ್ಣಿನ ಕೆಳಗೆ ಕರಿಕಲ್ಲು. ನೀರು ಹೆಚ್ಚಾಗಿ ನಿಲ್ಲುವುದು ಅದರ ಮೇಲಿನ ಶಿಥಿಲ ಪದರದಲ್ಲಿ, ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕು ಕಡಿಮೆಯಾಗುತ್ತವೆ. 600 ಅಡಿಯಲ್ಲಿ ಒಂದು ಸೆಲೆ ಸಿಕ್ಕರೂ ಅದನ್ನು ತುಂಬಿಸುವ ಮಳೆ ಎಲ್ಲಿಂದ ಇಳಿಯಬೇಕು? ಬೀದರ್ ನೌಬಾದಿನ ಸುರಂಗ ಬಾವಿ ನೋಡಿದ್ದೀರಾ? ಬಹಮನಿ ಕಾಲದವರು ಜಂಬಿಟ್ಟಿಗೆ ಕಲ್ಲಿನೊಳಗೆ ಇಳಿಜಾರಾಗಿ ಕೊರೆದು, ನಡುನಡುವೆ ಬಾವಿಯಂಥ ಕಿಂಡಿ ಇಳಿಸಿ, ಪಂಪಿಲ್ಲದೆ ನೀರು ಹರಿಸಿಕೊಂಡರು. ಆ ಕಲ್ಲು ಸ್ಪಂಜಿನ ಹಾಗೆ ಮಳೆ ಕುಡಿಯುತ್ತದೆ, ನಿಮ್ಮದು ಹಾಗಲ್ಲ. ಅದನ್ನೇ ನಕಲು ಮಾಡಿ ಎನ್ನುತ್ತಿಲ್ಲ. ಅವರು ತಮ್ಮ ಕಾಲಕೆಳಗಿನ ಕಲ್ಲಿನ ಗುಣ ತಿಳಿದು ಕೆಲಸ ಮಾಡಿದರು, ನಾವೂ ಅಷ್ಟು ಮಾಡಬೇಕು.

ಮಳೆಯ ರೀತಿ ಬದಲಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಶೇ 7ರಷ್ಟು ಹೆಚ್ಚುತ್ತದೆ. ಹಾಗಾಗಿ ಸುರಿದರೆ ಒಮ್ಮೆಲೇ ಸುರಿಯುತ್ತದೆ. ಮಿರಗದಿಂದ ಹಸ್ತಿಯವರೆಗೆ ಸಣ್ಣಗೆ ಬಿದ್ದು ನೆಲಕ್ಕೆ ಇಂಗಬೇಕಾದದ್ದು ಎರಡು ದಿನದಲ್ಲಿ ಹಳ್ಳ ಸೇರಿಬಿಡುತ್ತದೆ. ನಿಮ್ಮ ಮಾರ್ಚಿನ ಬರವೂ ಆಗಸ್ಟಿನ ರಾಡಿಯೂ ಅಕ್ಕ-ತಂಗಿ.

ಬಾವಿಯ ಹೂಳು ತೆಗೆಸಿ, ಸುತ್ತ ಕಟ್ಟೆ ಎತ್ತರಿಸಿ, ಮೇಲೆ ಜಾಲರಿ ಹಾಕಿಸಿ. ಹತ್ತಿರದ ಹಳ್ಳಕ್ಕೆ ಒಡ್ಡು ಹಾಕಿಸಿ, ನೀರು ಮಣ್ಣಿನ ಮೂಲಕವೇ ಇಳಿಯಲಿ. ರಸ್ತೆಯ ನೀರನ್ನು ಬಾವಿಗೆ ನೇರ ಬಿಡಬೇಡಿ. ಶೌಚದ ಗುಂಡಿಗಳು 50 ಅಡಿಯಾದರೂ ದೂರ ಇರಲಿ. ನೈಟ್ರೇಟ್ ಪರೀಕ್ಷೆ ಮಾಡಿಸಲೇಬೇಕು: ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಕೂಸುಗಳಿಗೆ ಅಪಾಯ, ಕುದಿಸಿದರೂ ಅದು ಹೋಗುವುದಿಲ್ಲ. ಫ್ಲೋರೈಡನ್ನೂ ನೋಡಿಸಿ. ಇನ್ನೊಂದು, ಪ್ರತಿ ಅಮಾವಾಸ್ಯೆಗೆ ಗಂಟು ಹಾಕಿದ ಹಗ್ಗ ಬಿಟ್ಟು ನೀರಿನ ಮಟ್ಟ ಬರೆದಿಡಿಸಿ. ಜನವರಿಯಲ್ಲೇ ಅದು ಕುಸಿದಿದ್ದು ಕಂಡರೆ, ಈ ನೀರು ಕುಡಿಯಲು, ಅಡುಗೆಗೆ ಮಾತ್ರ ಎಂದು ಡಂಗುರ ಸಾರಿಸಲು ಆಗ ಇನ್ನೂ ವೇಳೆ ಇರುತ್ತದೆ.

ಇನ್ನು ರಾಡಿ. ವಾಟರ್‌ಮನ್ ಜೊತೆ ಪೈಪಿನ ದಾರಿ ಪೂರ್ತಿ ನಡೆದು ನೋಡಿ. ಎಲ್ಲೋ ಒಂದು ವಾಲ್ವ್ ಚರಂಡಿಯಲ್ಲಿ ಮುಳುಗಿರುತ್ತದೆ. ನೀರು ಬಿಡದ ಹೊತ್ತಿನಲ್ಲಿ ಪೈಪು ಖಾಲಿ, ಸಣ್ಣ ಬಿರುಕಿದ್ದರೂ ಹೊರಗಿನ ಹೊಲಸು ಒಳಗೆ ಎಳೆದುಕೊಳ್ಳುತ್ತದೆ. ಒಳ್ಳೆಯ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ ಸುಮಾರು 2.5 ಗ್ರಾಂ, ಅಂದರೆ 50,000 ಲೀಟರ್ ಟಾಕಿಗೆ 125 ಗ್ರಾಂ. ಒಂದು ತಾಸು ಬಿಟ್ಟು ನೀರು ಬಿಡಬೇಕು. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಸತ್ತಿರುತ್ತದೆ. ಕ್ಲೋರಿನ್ ಪರೀಕ್ಷೆ ಟಾಕಿ ಬುಡದಲ್ಲಲ್ಲ, ಊರ ಕೊನೆಯ ಮನೆಯ ನಳದಲ್ಲಿ ಮಾಡಿಸಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಸಾಮಾನ್ಯವಾಗಿ ಬಡವರ ಮನೆಗಳು ಪೈಪಿನ ತುದಿಯಲ್ಲೇ ಇರುತ್ತವೆ, ಬೇನೆಯೂ ಅಲ್ಲಿಂದಲೇ ಶುರು.

ಪ್ರಶ್ನೆ: ನಮ್ಮದು ಜೇವರ್ಗಿ ತಾಲ್ಲೂಕು, ಭೀಮಾ ದಂಡೆ. 2020ರ ಅಕ್ಟೋಬರ್‌ನಲ್ಲಿ ಹೊಳೆ ಊರೊಳಗೆ ಬಂದಾಗ ಸುತ್ತ ನೀರು, ನಳದಲ್ಲಿ ಹನಿ ಇಲ್ಲ. ಹೀಗೇಕೆ?

ಉತ್ತರ: ತಮ್ಮಾ, ಪ್ರವಾಹದಲ್ಲಿ ಮೊದಲು ಸಾಯುವುದು ಮೋಟಾರಿನ ಪ್ಯಾನಲ್ ಬೋರ್ಡು. ಅದನ್ನು ಆ ವರ್ಷ ನೀರು ಮುಟ್ಟಿದ ಗುರುತಿಗಿಂತ ಮೇಲೆ ಕೂರಿಸಬೇಕು. ಗೋಡೆಯ ಮೇಲೆ ಆ ಗುರುತು ಇನ್ನೂ ಇದ್ದರೆ ಇವತ್ತೇ ಬಣ್ಣದಲ್ಲಿ ಗೆರೆ ಎಳೆದಿಡಿ. ಹೊಳೆ ಇಳಿದ ಮೇಲೆ ಬರುವ ಕೆಸರು ನೀರಿಗೆ ನೇರ ಕ್ಲೋರಿನ್ ಹಾಕಿದರೆ ಕೆಸರೇ ಅದನ್ನು ನುಂಗುತ್ತದೆ. ಮೊದಲು ಆಲಂ ಹಾಕಿ ತಿಳಿಯಾಗಿಸಿ, ಆಮೇಲೆ ಕ್ಲೋರಿನ್.

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು 30x30 ಅಡಿಯ ಪರಸಿ ಮಾಳಿಗೆ. ಮಳೆ ನೀರು ಹಿಡಿದರೆ ಎಷ್ಟು ಸಿಕ್ಕೀತು?

ಉತ್ತರ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ನಿಮ್ಮ ಮಾಳಿಗೆ ಸುಮಾರು 84 ಚದರ ಮೀಟರ್. 10 ಮಿಲಿಮೀಟರ್ ಮಳೆಗೆ, ಐದರಲ್ಲಿ ಒಂದು ಪಾಲು ಹೋಯಿತೆಂದು ಬಿಟ್ಟರೂ, 670 ಲೀಟರ್. ವರ್ಷದ ಮೊದಲ ಮಳೆಯನ್ನು ಟಾಕಿಗೆ ತಗೊಳ್ಳಬೇಡಿ, ಮಾಳಿಗೆ ತೊಳೆದುಹೋಗಲಿ. ಪಾರಿವಾಳ ಕೂರುವ ಜಾಗವಾದರೆ ಎರಡನೆಯದನ್ನೂ ಬಿಡಿ.