ಮಂಡ್ಯದ ಅಜ್ಜಿ ಮನೆಯ ವಾಲ್ವ್ ರೇಡಿಯೊ: ಹಳೇ ಕೆಪಾಸಿಟರ್ ಎಲ್ಲಾ ಬದಲಿಸಬೇಕಾ?

ಎಲ್ಲಾ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಬದಲಿಸೋದು ಬೇಡ. ಆದರೆ ಸುಮ್ನೆ ಆನ್ ಮಾಡಿ ನೋಡೋಣ ಅಂತ ಈಗಲೇ ಪ್ಲಗ್ ಹಾಕಬೇಡಿ. ಮೇಣ ಮೆತ್ತಿದ ಪೇಪರ್ ಕೆಪಾಸಿಟರ್‌ಗಳು ಇಷ್ಟು ವರ್ಷಕ್ಕೆ ಬಹುಪಾಲು ಲೀಕ್ ಆಗಿರುತ್ತವೆ, ಅದರಲ್ಲೂ ಔಟ್‌ಪುಟ್ ವಾಲ್ವಿನ (ಸ್ಪೀಕರ್ ನಡೆಸುವ, ಗಾಜಿನ ಬಲ್ಬಿನಂಥದು) ಗ್ರಿಡ್‌ಗೆ, ಅಂದರೆ ಅದರ ಕರೆಂಟನ್ನು ಹತೋಟಿಯಲ್ಲಿಡುವ ಭಾಗಕ್ಕೆ, ಹೋಗುವುದು ಲೀಕ್ ಆದರೆ ಅಲ್ಲಿಗೆ ಪಾಸಿಟಿವ್ ವೋಲ್ಟೇಜ್ ಬಂದು, ವಾಲ್ವ್ ಮಿತಿಮೀರಿ ಕರೆಂಟ್ ಎಳೆದು, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಬಹುದು. ಮೊದಲು ಅದನ್ನು ತೆಗೆಯಿರಿ. ಅದೇ ವ್ಯಾಲ್ಯೂನ, 630 ವೋಲ್ಟಿನ ಪಾಲಿಯೆಸ್ಟರ್ ಹಾಕಿ. ಅದಾದ ಮೇಲೆ ಆನ್ ಮಾಡಿದಾಗ ಗುಂಯ್ ಅನ್ನೋ ಸದ್ದು ಜಾಸ್ತಿ ಇದ್ದರೆ ಫಿಲ್ಟರ್ ಎಲೆಕ್ಟ್ರೊಲಿಟಿಕ್ (ಪವರ್ ಸಪ್ಲೈನ ಏರಿಳಿತ ಸಮ ಮಾಡುವ ದೊಡ್ಡ ಕೆಪಾಸಿಟರ್) ಒಣಗಿರಬಹುದು, ಹೊಸದು ಹಾಕುವಾಗ ಪ್ಲಸ್ ಮೈನಸ್ ತಪ್ಪಬಾರದು. ಮೈಕಾ ಕೆಪಾಸಿಟರ್‌ಗಳು ಸಾಮಾನ್ಯವಾಗಿ ಚೆನ್ನಾಗೇ ಇರುತ್ತವೆ, ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ 250 ವೋಲ್ಟ್ ಉಳಿದಿರಬಹುದು. ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಕೆಲಸ ಮುಗಿದ ಮೇಲೆ ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಿಡಿದು ನೋಡಿ.