ಜಾಸ್ತಿ ಸದ್ದು ಮಾಡದ ಸಿಪಿಯು ಕೂಲರ್ ಯಾವುದು ತೆಗೆದುಕೊಳ್ಳಲಿ?

ನಿಮ್ಮದು ಇಂಟೆಲ್ ಐ5-12400 ಪ್ರೊಸೆಸರ್ (ಸಿಪಿಯು). ಅದರ ಜೊತೆ ಬಂದ ಕೂಲರ್ ಗುಯ್ ಅನ್ನುತ್ತದೆ, ಮಂಡ್ಯದ ಮನೆಯಲ್ಲಿ ರಾತ್ರಿ ಕೆಲಸ ಮಾಡೋಕೆ ಆಗುತ್ತಿಲ್ಲ ಅಂದಿದ್ದೀರಿ. 120 ಮಿ.ಮೀ. ಫ್ಯಾನ್ ಇರುವ ಟವರ್ ಕೂಲರ್ (ಲೋಹದ ತೆಳು ಪಟ್ಟಿಗಳ ಗೋಪುರದ ಪಕ್ಕಕ್ಕೆ ಫ್ಯಾನ್ ಇರುವಂಥದ್ದು) ತೆಗೆದುಕೊಳ್ಳಿ. ಈ ಪ್ರೊಸೆಸರ್‌ಗೆ ವಾಟರ್ ಕೂಲಿಂಗ್ ಸುಮ್ನೆ ಖರ್ಚು, ಪಂಪಿನ ಸದ್ದು ಬೇರೆ.

ಚಿಕ್ಕ ಫ್ಯಾನ್ ಸಾಕಷ್ಟು ಗಾಳಿ ತಳ್ಳಬೇಕಾದರೆ ಜೋರಾಗಿ ತಿರುಗಲೇಬೇಕು. ಸದ್ದು ಬರುವುದು ಅಲ್ಲಿಂದಲೇ. ದೊಡ್ಡ ಫ್ಯಾನ್ ಅಷ್ಟೇ ಗಾಳಿಯನ್ನು ನಿಧಾನವಾಗಿ ತಿರುಗಿ ಕೊಡುತ್ತದೆ.

ಮೈಸೂರಿನ ಅಂಗಡಿಗೆ ಹೋಗುವ ಮೊದಲು ನಿಮ್ಮ ಕ್ಯಾಬಿನೆಟ್‌ನಲ್ಲಿ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಅಂತ ನೋಡಿಕೊಳ್ಳಿ. ಇಂಥ ಕೂಲರ್‌ಗಳಲ್ಲಿ ಡೀಪ್‌ಕೂಲ್ ಎಕೆ400 ಎತ್ತರ 155 ಮಿ.ಮೀ., ನಾಕ್ಟುವಾ ಎನ್‌ಎಚ್-ಯು12ಎಸ್ 158. ಸಣ್ಣ ಕ್ಯಾಬಿನೆಟ್ ಆದರೆ ಪಕ್ಕದ ಬಾಗಿಲು ಮುಚ್ಚುವುದೇ ಇಲ್ಲ. ಇನ್ನೊಂದು, ನಿಮ್ಮ ಸಾಕೆಟ್ (ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಎಲ್‌ಜಿಎ 1700. ಹಳೆಯ 1200ರಲ್ಲಿ ಸ್ಕ್ರೂ ತೂತುಗಳ ಅಂತರ 75 ಮಿ.ಮೀ., ಇದರಲ್ಲಿ 78. ಅಂಗಡಿಯವರು ಹಳೇ ದಾಸ್ತಾನಿನ ಕೂಲರ್ ಕಡಿಮೆ ಬೆಲೆಗೆ ಕೊಡ್ತೀನಿ ಅಂದರೆ 1700ಕ್ಕೆ ಕೂರಿಸುವ ಕ್ಲಾಂಪ್ ಇದೆಯಾ ಅಂತ ಕೇಳಿ. ಫ್ಯಾನ್ ವೈರ್ 4 ಪಿನ್ನಿನದೇ ಇರಲಿ, ವೇಗ ಚೆನ್ನಾಗಿ ಹತೋಟಿಗೆ ಬರುತ್ತದೆ.

ಹಾಕಿದ ಮೇಲೆ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ಸ್) ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಅನ್ನುವುದನ್ನು, ಬದಲಾಯಿಸಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಕೋಣೆಯೇ ಕಾದಿರುತ್ತದೆ, ಅಲ್ವಾ? ಆಗ ಪ್ರೊಸೆಸರ್ 60 ಡಿಗ್ರಿ ಆಗುತ್ತಲೇ ಫ್ಯಾನ್ ಜೋರಾಗಿ ಓಡತೊಡಗಿದರೆ ಎಂಥ ಕೂಲರ್ ತಂದರೂ ಸದ್ದೇ. ಈ ಪ್ರೊಸೆಸರ್‌ನ ಮಿತಿ 100 ಡಿಗ್ರಿ. 70 ದಾಟುವವರೆಗೆ ಫ್ಯಾನ್ ನಿಧಾನವಾಗಿಯೇ ಇರಲಿ.