ಓವರ್‌ಟೇಕ್ ಮಾಡುವಾಗ ಗೇರ್ ಯಾವಾಗ ಬದಲಿಸಬೇಕು?

ಪೆಟ್ರೋಲ್ ಕಾರಾದರೆ, ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋದನ್ನು ತೋರಿಸುವ ಮುಳ್ಳು, ಕೆಂಪು ಗೆರೆಗೆ (ಎಂಜಿನ್ನಿನ ವೇಗದ ಮಿತಿಗೆ) ಇನ್ನೇನು ತಾಗುತ್ತದೆ ಅನ್ನುವಾಗ ಬದಲಿಸಿ. ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳನ್ನು ಬೇಗ ದಾಟೋದು ಹೇಗೆ ಅಂತ ಕೇಳಿದ್ದೀರಿ, ಅಲ್ವಾ? ಅದಕ್ಕೂ ಇದೇ ಉತ್ತರ.

ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ಇಳಿಯತೊಡಗಿದ ಕೂಡಲೇ ಮೇಲಿನ ಗೇರಿಗೆ ಹೋಗಬೇಕು ಅಂತ ಜಾಸ್ತಿ ಜನ ನಂಬಿದ್ದಾರೆ. ಆದರೆ ಕಾರನ್ನು ತಳ್ಳುವುದು ಚಕ್ರಕ್ಕೆ ತಲುಪುವ ಬಲ. ಗೇರ್‌ಬಾಕ್ಸ್ ಎಂಜಿನ್ನಿನ ಬಲವನ್ನು ಎರಡನೇ ಗೇರಿನಲ್ಲಿ 1.9 ಪಟ್ಟು, ಮೂರನೆಯದರಲ್ಲಿ 1.3 ಪಟ್ಟು ಮಾಡುತ್ತದೆ ಅಂದುಕೊಳ್ಳಿ. ಗೇರ್ ಏರಿಸಿದ ಕ್ಷಣಕ್ಕೇ ಸುಮಾರು ಮೂರನೇ ಒಂದು ಪಾಲು ಎಳೆತ ಹೋಯಿತು! ಎಂಜಿನ್ ಸ್ವಲ್ಪ ಸುಸ್ತಾಗಿದ್ದರೂ ಕೆಳಗಿನ ಗೇರೇ ಗಟ್ಟಿ.

ಡೀಸೆಲ್ ಬೇರೆ. ಸಾಮಾನ್ಯವಾಗಿ 4000 ಆರ್‌ಪಿಎಂ ದಾಟಿದ ಮೇಲೆ ಅದರ ಶಕ್ತಿ ಬೇಗ ಕುಸಿಯುತ್ತದೆ. ಕೆಂಪು ಗೆರೆವರೆಗೆ ಎಳೆದರೆ ಸುಮ್ನೆ ಸದ್ದು, ಅಷ್ಟೇ. 4000ದ ಆಸುಪಾಸಿನಲ್ಲೇ ಬದಲಿಸಿ.

ಇನ್ನೊಂದು ಮಾತು. ಲಾರಿಯ ಹಿಂದೆ ಇರುವಾಗಲೇ ಮೂರಕ್ಕೆ ಇಳಿಸಿಕೊಳ್ಳಿ. ಅದರ ಪಕ್ಕಕ್ಕೆ ಬಂದು, ಕೆಂಪು ಧೂಳಿನಲ್ಲಿ ಎದುರು ಕಾಣದಿದ್ದಾಗ ಗೇರ್ ಹುಡುಕುವ ಪಾಡು ಬೇಡ.